ಇಂಫಾಲ್, ಕೊಹಿಮಾ 1944: ಜಪಾನ್ ಸೋತಿದ್ದು ಗುಂಡಿನಿಂದಲೋ ಹಸಿವಿನಿಂದಲೋ?

ಬಯಲುಸೀಮೆ ಓದುಗ

ಎರಡನೇ ಮಹಾಯುದ್ಧ ಅಂದರೆ ನಮ್ಮಲ್ಲಿ ಹಿಟ್ಲರ್, ನಾರ್ಮಂಡಿ, ಹಿರೋಷಿಮಾ, ಇಷ್ಟಕ್ಕೇ ಮಾತು ಮುಗಿಯುತ್ತದೆ. ಜಪಾನ್ ಸೈನ್ಯ ಅಲ್ಲಿಯವರೆಗೆ ನೆಲದ ಮೇಲೆ ಕಂಡ ಅತಿ ದೊಡ್ಡ ಸೋಲು ಭಾರತದಲ್ಲೇ ಆಯಿತು, ಮಣಿಪುರ ಮತ್ತು ನಾಗಾ ಬೆಟ್ಟಗಳಲ್ಲಿ. ಅದರ ಬಗ್ಗೆ ಇಲ್ಲಿ ಒಂದು ಚರ್ಚೆಯೂ ಕಾಣಲಿಲ್ಲ, ಅದಕ್ಕೇ ಶುರು ಮಾಡುತ್ತಿದ್ದೇನೆ.

ನನ್ನ ವಾದ ಇಷ್ಟು. ಈ ಕಾಳಗ ತೀರ್ಮಾನವಾಗಿದ್ದು ಊಟದ ಮೇಲೆ. ಯಾರ ಸೈನಿಕನಿಗೆ ನಾಳೆಯ ಅಕ್ಕಿ ಬರುತ್ತದೆ, ಯಾರಿಗೆ ಬರಲ್ಲ ಅನ್ನೋದರ ಮೇಲೆ.

1942ರ ಮಾರ್ಚ್ 8ಕ್ಕೆ ರಂಗೂನ್ ಜಪಾನಿಯರ ಕೈಸೇರಿತು. ಬ್ರಿಟಿಷ್ ಸೈನ್ಯ ಬರ್ಮಾ ಉದ್ದಕ್ಕೂ ಹಿಂದೆ ಸರಿಯುತ್ತಾ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಇಂಫಾಲ್ ತಲುಪಿತು. ಬರ್ಮಾದಲ್ಲಿ ಬದುಕು ಕಟ್ಟಿಕೊಂಡಿದ್ದ ಲಕ್ಷಾಂತರ ಭಾರತೀಯರೂ ಅದೇ ಬೆಟ್ಟಗಳನ್ನು ಹತ್ತಿ ಇಳಿದು ನಡೆದೇ ಬಂದರು. ಸಾವಿರಾರು ಜನ ಕಾಲರಾ, ಮಲೇರಿಯಾ, ಹಸಿವಿನಿಂದ ದಾರಿಯಲ್ಲೇ ಸತ್ತರು.

ಎರಡು ವರ್ಷ ಕಳೆದ ಮೇಲೆ ಜಪಾನಿನ 15ನೇ ಸೈನ್ಯದ ದಂಡನಾಯಕ ರೆನ್ಯಾ ಮುತಾಗುಚಿ ಭಾರತದ ಒಳಗೆ ನುಗ್ಗುವ ಯೋಜನೆ ಹಾಕಿದರು. ಹೆಸರು ಉ-ಗೋ. ಮೂರು ಡಿವಿಷನ್, ಸುಮಾರು 85,000 ಜನ. ದಾರಿಯಲ್ಲಿ ರಸ್ತೆ ಇಲ್ಲ, ಚಿಂದ್ವಿನ್ ನದಿ ಅಡ್ಡ, ಅದರ ಆಚೆ ಕಾಡು ತುಂಬಿದ ಬೆಟ್ಟಸಾಲು. ಸೈನಿಕರ ಬೆನ್ನ ಮೇಲೆ ಮೂರು ವಾರದ ಊಟ. ಅಷ್ಟರೊಳಗೆ ಇಂಫಾಲ್ ಹಿಡಿದು ಬ್ರಿಟಿಷರ ಉಗ್ರಾಣದಲ್ಲೇ ಉಣ್ಣೋದು ಅವರ ಲೆಕ್ಕ. ಸಾಮಾನು ಹೊರಲು ಸಾವಿರಾರು ದನಗಳನ್ನು ಹೊಡೆದುಕೊಂಡು ಹೋದರು, ಹೊರೆ ಇಳಿದ ಮೇಲೆ ಕಡಿದು ತಿನ್ನಬಹುದು ಅಂತ. ಬಹಳಷ್ಟು ದನಗಳು ನದಿಯಲ್ಲೇ ಮುಳುಗಿದವು, ಉಳಿದವು ಬೆಟ್ಟ ಹತ್ತಲಾರದೆ ಬಿದ್ದವು. ಮುತಾಗುಚಿಯ ಸ್ವಂತ ಚೀಫ್ ಆಫ್ ಸ್ಟಾಫ್ ಒಬಾಟಾ ಸರಬರಾಜು ಬಲ್ಲವರು. ಇದು ಆಗದ ಕೆಲಸ ಅಂದರು. ಅವರನ್ನೇ ಹುದ್ದೆಯಿಂದ ತೆಗೆದರು.

ಅಂದರೆ ಮೊದಲ ಗುಂಡು ಹಾರುವ ಮೊದಲೇ ಸೋಲು ಬರೆದಾಗಿತ್ತು ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?

ಕಡಲತಡಿ

ಒಪ್ಪಲ್ಲ. ಹೀಗೆ ಹೇಳಿದರೆ ಅಲ್ಲಿ ನಿಂತು ಸತ್ತವರಿಗೆ ಏನು ಬೆಲೆ ಕೊಟ್ಟ ಹಾಗಾಯಿತು? ಮೂರು ವಾರದ ಊಟ ಇಟ್ಟುಕೊಂಡು ಹೊರಟವರು ಮೂರು ವಾರದಲ್ಲಿ ಗೆದ್ದಿದ್ದರೆ ಎಲ್ಲರೂ ಮುತಾಗುಚಿಯನ್ನು ಮೇಧಾವಿ ಅನ್ನುತ್ತಿದ್ದರು. ಸಿಂಗಾಪುರದಲ್ಲಿ ಹಾಗೇ ಆಗಿತ್ತಲ್ವಾ? ಮಲಯದಲ್ಲಿ ಜಪಾನಿಯರು ಬ್ರಿಟಿಷರು ಬಿಟ್ಟುಹೋದ ಅಕ್ಕಿ, ಪೆಟ್ರೋಲು, ಲಾರಿ ಹಿಡಿದುಕೊಂಡೇ ಮುಂದೆ ಹೋಗಿದ್ದು.

ಈ ಸಲ ಗೆಲ್ಲಲಿಲ್ಲ, ಯಾಕಂದ್ರೆ ಯಾರೋ ತಡೆದು ನಿಂತರು. ಸಾಂಗ್‌ಶಾಕ್ ಅನ್ನೋ ನಾಗಾ ಹಳ್ಳಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಮಾರ್ಚ್ 22ರಿಂದ 26ರವರೆಗೆ ಕಾದಾಡಿತು. ಬಂಡೆಯ ನೆಲ, ಕಂದಕ ತೋಡಲೂ ಆಗದು, ನೀರಿಲ್ಲ. ವಿಮಾನದಿಂದ ಇಳಿಸಿದ್ದರಲ್ಲಿ ಜಾಸ್ತಿ ಭಾಗ ಜಪಾನಿಯರ ಕಡೆ ಬಿತ್ತು. ಆ ಬ್ರಿಗೇಡ್ ನುಚ್ಚುನೂರಾಯಿತು. ಆದರೆ ಕೊಹಿಮಾ ಕಡೆ ಹೊರಟಿದ್ದ ಜಪಾನಿ ದಂಡಿನ ಒಂದು ಭಾಗಕ್ಕೆ ಅಮೂಲ್ಯ ದಿನಗಳು ಅಲ್ಲೇ ಕಳೆದುಹೋದವು.

ಆಮೇಲೆ ಕೊಹಿಮಾ. ಏಪ್ರಿಲ್ ಮೊದಲ ವಾರ ಸಾತೋ ಕೊತೊಕು ನೇತೃತ್ವದ 31ನೇ ಡಿವಿಷನ್ ಬಂದು ಮುತ್ತಿತು. ಅಷ್ಟು ದೊಡ್ಡ ದಂಡು ಆ ಬೆಟ್ಟ ದಾಟಿ ಬರುತ್ತದೆ ಅಂತ ಬ್ರಿಟಿಷರ 14ನೇ ಸೈನ್ಯದ ದಂಡನಾಯಕ ಜನರಲ್ ಸ್ಲಿಮ್ ಅಂದುಕೊಂಡೇ ಇರಲಿಲ್ಲ, ಒಂದು ರೆಜಿಮೆಂಟ್ ಬಂದರೆ ಹೆಚ್ಚು ಅಂತಿತ್ತು ಅವರ ಅಂದಾಜು. ಒಳಗೆ ಹೋರಾಡಬಲ್ಲವರು ಸುಮಾರು 1,500 ಮಂದಿ. ರಾಯಲ್ ವೆಸ್ಟ್ ಕೆಂಟ್ಸ್, ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್, ಆಸ್ಪತ್ರೆಯಿಂದ ಎದ್ದು ಬಂದವರು, ಗುಮಾಸ್ತರು. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಒಂದು ಬದಿ ಇವರು, ಇನ್ನೊಂದು ಬದಿ ಜಪಾನಿಯರು. ಅಷ್ಟು ಹತ್ತಿರದಲ್ಲಿ ಕೈಬಾಂಬು ಎಸೆದುಕೊಂಡು ದಿನಗಟ್ಟಲೆ ಹೋರಾಟ. ನೀರನ್ನು ಅಳೆದು ಕುಡಿಯಬೇಕಿತ್ತು. ಅವರು ಏಪ್ರಿಲ್ 18ರವರೆಗೆ, ಸಹಾಯ ಬರುವವರೆಗೆ ಜಗ್ಗಲಿಲ್ಲ. ಇದನ್ನು ಅಕ್ಕಿ ಲೆಕ್ಕದಲ್ಲಿ ಹೇಗೆ ಸೇರಿಸುತ್ತೀರಿ?

ಬಯಲುಸೀಮೆ ಓದುಗ

ಕಡಲತಡಿ, ನೀವು ಹೇಳಿದ ಒಂದೊಂದು ಮಾತೂ ನಿಜ. ಆದರೆ ಅದೇ ನನ್ನ ವಾದಕ್ಕೆ ಬಲ ಕೊಡುತ್ತದೆ. ಸಾಂಗ್‌ಶಾಕ್‌ನಲ್ಲಿ, ಕೊಹಿಮಾದಲ್ಲಿ ಸತ್ತವರು ಗಳಿಸಿಕೊಟ್ಟಿದ್ದು ದಿನಗಳನ್ನು. ಜಪಾನಿಗೆ ದಿನ ಕಳೆದಂತೆ ಊಟ ಕಮ್ಮಿಯಾಗುತ್ತಿತ್ತು. ಈ ಕಡೆಯವರಿಗೆ ಆಕಾಶದಿಂದ ಬರುತ್ತಿತ್ತು. ಅದಕ್ಕೇ ಆ ದಿನಗಳಿಗೆ ಬೆಲೆ ಬಂತು. ಸಿಂಗಾಪುರದಲ್ಲೂ ಜನ ಧೈರ್ಯದಿಂದ ಹೋರಾಡಿದ್ದರು, ಅಲ್ಲಿ ಗಳಿಸಿದ ದಿನಗಳಿಂದ ಏನೂ ಆಗಲಿಲ್ಲ.

ಇಂಫಾಲ್ ಕಣಿವೆಯಲ್ಲಿ ಸುಮಾರು ಒಂದೂವರೆ ಲಕ್ಷ ಸೈನಿಕರು ಸಿಕ್ಕಿಹಾಕಿಕೊಂಡಿದ್ದರು. ಮಾರ್ಚ್ ಕೊನೆಗೆ ಕೊಹಿಮಾ ರಸ್ತೆ ಬಂದ್. ತೆರೆದಿದ್ದು ಜೂನ್ 22ಕ್ಕೆ, 109ನೇ ಮೈಲಿಗಲ್ಲಿನ ಹತ್ತಿರ ಎರಡೂ ಕಡೆಯ ಪಡೆಗಳು ಕೂಡಿದಾಗ. ನಡುವಿನ ಅಷ್ಟೂ ದಿನ ಅಕ್ಕಿ, ಹಿಟ್ಟು, ಗುಂಡು, ಪೆಟ್ರೋಲು, ಹೇಸರಗತ್ತೆಗಳ ಮೇವು, ಕಾಗದಪತ್ರ ಎಲ್ಲ ವಿಮಾನದಲ್ಲಿ. ಸುಮಾರು 19,000 ಟನ್ ಸಾಮಾನು ಒಳಗೆ ಬಂತು. ವಾಪಸು ಹೋಗುವ ವಿಮಾನದಲ್ಲಿ ಸುಮಾರು 13,000 ಗಾಯಾಳು ಮತ್ತು ರೋಗಿಗಳನ್ನು, ಯುದ್ಧ ಮಾಡದ 43,000 ಜನರನ್ನು ಹೊರಗೆ ಕಳಿಸಿದರು. ತಿನ್ನುವ ಬಾಯಿ ಕಮ್ಮಿ ಮಾಡೋದೂ ಸರಬರಾಜೇ. ಉಳಿದವರ ಊಟವನ್ನೂ ಕಡಿತ ಮಾಡಿದರು.

ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನಿನಲ್ಲಿದ್ದ 5ನೇ ಭಾರತೀಯ ಡಿವಿಷನನ್ನು ತೋಪು, ಜೀಪು, ಹೇಸರಗತ್ತೆ ಸಮೇತ ಮಾರ್ಚಿನಲ್ಲಿ ವಿಮಾನದಲ್ಲಿ ತಂದು ಇಳಿಸಿದ್ದು ಇನ್ನೊಂದು ದೊಡ್ಡ ಕೆಲಸ. ಅರಾಕಾನಿನಲ್ಲಿ ಫೆಬ್ರವರಿಯಲ್ಲೇ ಇದರ ಪರೀಕ್ಷೆ ನಡೆದಿತ್ತು. 7ನೇ ಭಾರತೀಯ ಡಿವಿಷನನ್ನು ಜಪಾನಿಯರು ಸುತ್ತುವರಿದಾಗ ಅದು ಹಳೆಯ ಅಭ್ಯಾಸದಂತೆ ಹಿಂದೆ ಓಡದೆ ಇದ್ದಲ್ಲೇ ಕೂತಿತು, ಮೇಲಿನಿಂದ ಊಟ ಬಂತು, ಸುತ್ತುವರಿದವರೇ ಹಸಿದು ಹೋದರು.

ಪ್ಯಾರಾಚೂಟಿಗೆ ರೇಷ್ಮೆ ಸಿಗದಿದ್ದಾಗ ಸ್ಲಿಮ್ ಅವರ ಕಡೆಯವರು ಕಲ್ಕತ್ತಾದ ಸೆಣಬಿನ ಗಿರಣಿಗಳಲ್ಲಿ ಸೆಣಬಿನ ಪ್ಯಾರಾಚೂಟ್ ಮಾಡಿಸಿದರು. ಮನುಷ್ಯರನ್ನು ಇಳಿಸಲು ಆಗದು, ಸಾಮಾನಿಗೆ ಸಾಕಿತ್ತು, ಬೆಲೆಯೂ ತುಂಬಾ ಕಡಿಮೆ. ಯುದ್ಧದ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು.

ತುಂಗೆಯ ಮಗ

ಕೇಳಲೇಬೇಕಾದ ಪ್ರಶ್ನೆ. ಸೈನ್ಯಕ್ಕೆ ಆಕಾಶದಿಂದ ಅಕ್ಕಿ ಸುರಿಸಿದ ಸರ್ಕಾರ ಅದರ ಹಿಂದಿನ ವರ್ಷ ಬಂಗಾಳದಲ್ಲಿ ಏನು ಮಾಡುತ್ತಿತ್ತು? ಅದೇ ಕಲ್ಕತ್ತಾ, ಅದೇ ರೈಲು. ಬೀದಿಯಲ್ಲಿ ಹೆಣ ಬಿದ್ದಿದ್ದವು. ಊಟವೇ ಯುದ್ಧ ತೀರ್ಮಾನ ಮಾಡಿತು ಅಂತ ಬರೆದು ಇದನ್ನು ಬಿಟ್ಟರೆ ಅರ್ಧ ಕಥೆ.

ಹಳೇಪೇಟೆ ಮೇಷ್ಟ್ರು

ತುಂಗೆಯ ಮಗ, ಸರಿಯಾದ ಜಾಗಕ್ಕೆ ಬಂದಿರಿ.

ಬರ್ಮಾ ಬಿದ್ದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿಯರು ಸಮುದ್ರದ ಕಡೆಯಿಂದ ಬಂದಾರು ಅನ್ನೋ ಭಯದಲ್ಲಿ ಸರ್ಕಾರ ಬಂಗಾಳದ ಕರಾವಳಿ ಜಿಲ್ಲೆಗಳಲ್ಲಿ ಅಕ್ಕಿ ದಾಸ್ತಾನು ಎತ್ತಿಸಿತು, ದೋಣಿಗಳನ್ನು ಕಿತ್ತುಕೊಂಡಿತು ಇಲ್ಲವೇ ನಾಶ ಮಾಡಿಸಿತು. ನದಿಗಳೇ ದಾರಿಯಾಗಿರುವ ನಾಡಿನಲ್ಲಿ ದೋಣಿ ಇಲ್ಲ ಅಂದರೆ ಮೀನೂ ಇಲ್ಲ, ಸಂತೆಗೆ ಹೋಗೋದೂ ಇಲ್ಲ. 1942ರ ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು, ಭತ್ತಕ್ಕೆ ರೋಗ ಬಂತು. ಯುದ್ಧದ ಖರ್ಚಿಗೆ ನೋಟು ಅಚ್ಚಾಗುತ್ತಾ ಬೆಲೆ ಏರಿತು, ವ್ಯಾಪಾರಿಗಳು ಬಚ್ಚಿಟ್ಟರು, ಬೇರೆ ಪ್ರಾಂತ್ಯಗಳು ತಮ್ಮ ಧಾನ್ಯ ಹೊರಗೆ ಬಿಡಲಿಲ್ಲ. ಕಲ್ಕತ್ತಾದ ಕಾರ್ಖಾನೆ ಕಾರ್ಮಿಕರಿಗೆ, ಸರ್ಕಾರಿ ನೌಕರರಿಗೆ ರಿಯಾಯಿತಿ ಅಕ್ಕಿ ಸಿಕ್ಕಿತು, ಯಾಕಂದ್ರೆ ಅವರು ಯುದ್ಧಕ್ಕೆ ಬೇಕಾದವರು. ಹಳ್ಳಿಯ ಕೂಲಿಯವನು, ಬೆಸ್ತ, ಕುಶಲಕರ್ಮಿ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಧಾನ್ಯಕ್ಕೆ ಹಡಗು ಕೊಡಿ ಅಂತ ದೆಹಲಿಯಿಂದ ಲಂಡನ್ನಿಗೆ ಮತ್ತೆ ಮತ್ತೆ ಕೋರಿಕೆ ಹೋಯಿತು. ಚರ್ಚಿಲ್ ಅವರ ಯುದ್ಧ ಸಂಪುಟ ಕೇಳಿದಷ್ಟು ಕೊಡಲೇ ಇಲ್ಲ. ವೈಸರಾಯ್ ಲಿನ್‌ಲಿತ್ಗೋ ಕ್ಷಾಮದ ಹೊತ್ತಿನಲ್ಲಿ ಬಂಗಾಳಕ್ಕೆ ಕಾಲಿಡಲಿಲ್ಲ. 1943ರ ಅಕ್ಟೋಬರಿನಲ್ಲಿ ಬಂದ ವೇವೆಲ್ ಅಧಿಕಾರ ವಹಿಸಿಕೊಂಡ ಕೂಡಲೇ ಕಲ್ಕತ್ತಾಕ್ಕೆ ಹೋದರು, ಸೈನ್ಯದ ಲಾರಿಗಳಲ್ಲಿ ಹಳ್ಳಿಗಳಿಗೆ ಧಾನ್ಯ ಕಳಿಸಿದರು. ಆ ಹೊತ್ತಿಗೆ ಬಹಳ ತಡವಾಗಿತ್ತು. ಸತ್ತವರು ಸುಮಾರು 30 ಲಕ್ಷ ಅನ್ನುತ್ತಾರೆ ಹೆಚ್ಚಿನ ಇತಿಹಾಸಕಾರರು. ಇಡೀ ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 87,000. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಈ ಯುದ್ಧದಲ್ಲಿ ಭಾರತ ಕೊಟ್ಟ ಬಲಿಯಲ್ಲಿ ಬಹುಪಾಲು ಸಮವಸ್ತ್ರ ತೊಟ್ಟವರದ್ದಲ್ಲ.

ಬಯಲುಸೀಮೆ ಓದುಗ

ಮೇಷ್ಟ್ರೇ, ಇದನ್ನು ಇಷ್ಟು ವಿವರವಾಗಿ ಬರೆದಿದ್ದಕ್ಕೆ ಧನ್ಯವಾದ. ನನ್ನ ವಾದಕ್ಕೆ ಇದನ್ನೂ ಸೇರಿಸುತ್ತೇನೆ. 1943ರಲ್ಲಿ ಅಕ್ಕಿ ಯಾರಿಗೆ ಮೊದಲು ಅನ್ನೋ ತೀರ್ಮಾನವಾಯಿತು. 1944ರಲ್ಲಿ ಇಂಫಾಲ್ ಉಳಿಯಿತು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು.

ಜೈಹಿಂದ್_ಧಾರವಾಡ

ಎಲ್ಲರೂ ಬರೆದಿರಿ, ಆಜಾದ್ ಹಿಂದ್ ಫೌಜ್ ಎಲ್ಲಿ? ಇಂಫಾಲ್ ಅಂದರೆ ನಮ್ಮ ಮನೆಯಲ್ಲಿ ಮೊದಲು ಬರೋ ಹೆಸರು ನೇತಾಜಿ. 1944ರ ಏಪ್ರಿಲ್ 14ಕ್ಕೆ ಮೊಯಿರಾಂಗ್‌ನಲ್ಲಿ ಕರ್ನಲ್ ಶೌಕತ್ ಮಲಿಕ್ ತ್ರಿವರ್ಣ ಧ್ವಜ ಹಾರಿಸಿದರು. ಅವರೂ ಹಸಿದೇ ಹೋರಾಡಿದರು. ಶಾ ನವಾಜ್ ಖಾನ್ ಅವರ ಸುಭಾಷ್ ಬ್ರಿಗೇಡನ್ನು ಜಪಾನಿಯರು ಚಿನ್ ಬೆಟ್ಟಗಳಲ್ಲಿ ಕಾವಲಿಗೆ ಹಾಕಿದರು. ಅಲ್ಲಿ ಊಟವೂ ಇಲ್ಲ, ಬೆಚ್ಚನೆಯ ಬಟ್ಟೆಯೂ ಇಲ್ಲ, ಮಲೇರಿಯಾಗೆ ಔಷಧಿಯೂ ಇಲ್ಲ. ಪಲೇಲ್ ಕಡೆ ಹೋದ ಗಾಂಧಿ ಬ್ರಿಗೇಡ್ ಭಾರಿ ಸಾಮಾನನ್ನೆಲ್ಲ ಹಿಂದೆ ಬಿಟ್ಟು ಹೋಗಿತ್ತು, ಇಂಫಾಲ್ ಇನ್ನೇನು ಬೀಳುತ್ತದೆ ಅಂತ ಹೇಳಿದ್ದನ್ನು ನಂಬಿ.

ರಣರಂಗದಲ್ಲಿ ಅವರು ಸಣ್ಣ ಪಡೆ, ನಿಜ. ಆದರೆ 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಶಾ ನವಾಜ್, ಪ್ರೇಮ್ ಸಹಗಲ್, ಗುರ್‌ಬಕ್ಷ್ ಸಿಂಗ್ ಧಿಲ್ಲೋನ್ ಮೇಲೆ ವಿಚಾರಣೆ ನಡೆಸಿದಾಗ ದೇಶವೇ ಎದ್ದು ನಿಂತಿತು. 1946ರ ಫೆಬ್ರವರಿಯಲ್ಲಿ ನೌಕಾಪಡೆಯವರು ಬಂಡೆದ್ದರು. ಬ್ರಿಟಿಷರಿಗೆ ಇನ್ನು ಸೈನ್ಯವನ್ನು ನಂಬಿ ಆಳೋಕಾಗಲ್ಲ ಅಂತ ಗೊತ್ತಾಗಿದ್ದು ಆಗ. ಇಂಫಾಲದಲ್ಲಿ ಸೋತವರು ದೆಹಲಿಯಲ್ಲಿ ಗೆದ್ದರು ಅಂತ ನಾನು ನಂಬುತ್ತೇನೆ.

ಕಡಲತಡಿ

ಅವರ ತ್ಯಾಗವನ್ನು ನಾನು ಕಡಿಮೆ ಮಾಡಲ್ಲ. ಆದರೆ ಎದುರಿಗಿದ್ದವರೂ ಭಾರತೀಯರೇ. ಜಮಾದಾರ್ ಅಬ್ದುಲ್ ಹಫೀಜ್, 9ನೇ ಜಾಟ್ ರೆಜಿಮೆಂಟ್, ಏಪ್ರಿಲ್ 6ಕ್ಕೆ ಇಂಫಾಲದ ಉತ್ತರದ ಒಂದು ಗುಡ್ಡದ ಮೇಲೆ ಗಾಯಗೊಂಡ ಮೇಲೂ ಮುಂದೆ ನುಗ್ಗಿ ಪ್ರಾಣ ಕೊಟ್ಟರು. ವಿಕ್ಟೋರಿಯಾ ಕ್ರಾಸ್ ಬಂತು. ಅವರ ಸಮಾಧಿ ಇಂಫಾಲದಲ್ಲೇ ಇದೆ. ಏಪ್ರಿಲ್ 13ರಂದು ನುಂಗ್‌ಶಿಗುಮ್ ಗುಡ್ಡಕ್ಕೆ ಟ್ಯಾಂಕ್ ಹತ್ತಿಸಿದಾಗ ಜೊತೆ ಹೋದ ಡೋಗ್ರಾ ಕಂಪನಿಗಳ ಮತ್ತು ಟ್ಯಾಂಕ್ ಪಡೆಯ ಅಧಿಕಾರಿಗಳೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಕೆಲಸ ಮುಗಿಸಿದ್ದು ಸುಬೇದಾರ್ ರಣಬೀರ್ ಸಿಂಗ್ ಮತ್ತು ಟ್ಯಾಂಕ್ ಪಡೆಯ ಒಬ್ಬ ಸಾರ್ಜೆಂಟ್ ಮೇಜರ್. ಇವರ ಹೆಸರನ್ನೂ ಅಷ್ಟೇ ಗೌರವದಿಂದ ಹೇಳೋಣ ಅನ್ನೋದು ನನ್ನ ಕೋರಿಕೆ.

ಕಾವೇರಿ ತೀರ, ಮಡಿಕೇರಿ

ಇದೇ ಇಬ್ಬಗೆ ನಮ್ಮ ಕೊಡಗಿನ ಒಂದೇ ಮನೆಯಲ್ಲಿತ್ತು. ಜನರಲ್ ತಿಮ್ಮಯ್ಯ ಮಡಿಕೇರಿಯಲ್ಲಿ ಹುಟ್ಟಿದವರು. ಯುದ್ಧದಲ್ಲಿ 8/19 ಹೈದರಾಬಾದ್ ರೆಜಿಮೆಂಟಿನ ದಳಪತಿಯಾಗಿ ಅರಾಕಾನಿನಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು. ಅವರ ಅಣ್ಣ ಐಎನ್‌ಎ, ಅಂದರೆ ಆಜಾದ್ ಹಿಂದ್ ಫೌಜ್ ಸೇರಿದ್ದರು. 1945ರ ಆರಂಭದ ಕಾಂಗಾವ್ ಕಾಳಗದಲ್ಲಿ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳಿಗೆ ಭಾರತೀಯರೇ ದಳಪತಿಗಳು: ತಿಮ್ಮಯ್ಯ, ಥೋರಾಟ್, ಎಲ್.ಪಿ. ಸೇನ್. ಅಲ್ಲಿಯವರೆಗೆ ಭಾರತೀಯ ಅಧಿಕಾರಿಗಳಿಗೆ ಅಂಥ ಜವಾಬ್ದಾರಿ ಕೊಡೋಕೆ ಹಿಂಜರಿಯುತ್ತಿದ್ದವರಿಗೆ ಅದೇ ಉತ್ತರ. ಮೂವರಿಗೂ ಡಿಎಸ್‌ಒ ಅನ್ನೋ ಸೇನಾ ಪದಕ ಸಿಕ್ಕಿತು.

ಇನ್ನೊಂದು ಮಾತು. ಮೈಸೂರು ಸಂಸ್ಥಾನದ ಪದಾತಿ ದಳ ಮಲಯದಲ್ಲಿ ವಿಮಾನ ನಿಲ್ದಾಣಗಳ ಕಾವಲಿಗೆ ಹೋಗಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಶರಣಾದಾಗ ಅವರೂ ಸೆರೆಸಿಕ್ಕರು. ಮೊದಲ ಮಹಾಯುದ್ಧದ ಹೈಫಾ ಕಾಳಗದ ಬಗ್ಗೆ ಮಾತಾಡುವಾಗ ಮೈಸೂರಿನ ಕುದುರೆ ಪಡೆಯನ್ನು ನೆನೆಯುತ್ತೇವೆ, ಇವರನ್ನು ಯಾರೂ ನೆನೆಯಲ್ಲ. ಗೆದ್ದವರಷ್ಟೇ ನಮ್ಮವರಾ?

ಹಲಸೂರು ಕೆರೆ ಏರಿ

ಬೆಂಗಳೂರಿನ ನಂಟನ್ನೂ ಹೇಳಿಬಿಡುತ್ತೇನೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಾಯದಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ದರು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಬರ್ಮಾ ಮತ್ತು ಚೀನಾ ಕಡೆ ಹಾರುತ್ತಿದ್ದ ವಿಮಾನಗಳು ದುರಸ್ತಿಗೆ ಇಲ್ಲಿಗೆ ಬರುತ್ತಿದ್ದವು, ಡಕೋಟಾ ಅನ್ನೋ ಸಾಗಣೆ ವಿಮಾನಗಳೂ ಸೇರಿ. ಸಾವಿರಾರು ಸ್ಥಳೀಯ ಹುಡುಗರು ಅಲ್ಲೇ ರಿವೆಟ್ ಹೊಡೆಯೋದು, ಎಂಜಿನ್ ಬಿಚ್ಚಿ ಜೋಡಿಸೋದು ಕಲಿತರು. ಕ್ಯಾಟಲಿನಾ ಅನ್ನೋ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇವತ್ತು ಆ ಕೆರೆಯ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ವೈದ್ಯೆ, ಕಲಬುರಗಿ

ಊಟದ ಜೊತೆ ಔಷಧಿಯನ್ನೂ ಸೇರಿಸಿ ದಯವಿಟ್ಟು. 1943ರಲ್ಲಿ ಈ ರಂಗದಲ್ಲಿ ಗಾಯಗೊಂಡು ಹಿಂದೆ ಬಂದ ಒಬ್ಬ ಸೈನಿಕನಿಗೆ ಕಾಯಿಲೆಯಿಂದ ಬಂದವರು 120 ಮಂದಿ. ಮಲೇರಿಯಾ, ಆಮಶಂಕೆ, ನುಸಿ ಕಡಿತದಿಂದ ಬರುವ ಸ್ಕ್ರಬ್ ಟೈಫಸ್ ಜ್ವರ ಅಲ್ಲದೆ ಚರ್ಮರೋಗ ಬೇರೆ. ಸ್ಲಿಮ್ ಮಾಡಿದ ಮೊದಲ ಕೆಲಸ ಶಿಸ್ತು. ಮಲೇರಿಯಾ ತಡೆಯುವ ಮೆಪಾಕ್ರಿನ್ ಮಾತ್ರೆ ದಿನಾ ನುಂಗಲೇಬೇಕು, ಮೈ ಹಳದಿಯಾದರೂ ಸರಿ. ದಿಢೀರನೆ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು, ತುಕಡಿಯಲ್ಲಿ ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ ಅಂತ ಕಂಡರೆ ದಳಪತಿಯನ್ನೇ ಕಿತ್ತುಹಾಕುತ್ತಿದ್ದರು. ಮೂವರು ಕೆಲಸ ಕಳೆದುಕೊಂಡ ಮೇಲೆ ಉಳಿದವರು ಪಾಠ ಕಲಿತರು. ರೋಗಿಗಳನ್ನು ನೂರಾರು ಮೈಲಿ ಹಿಂದೆ ಕಳಿಸದೆ ರಣರಂಗದ ಹತ್ತಿರವೇ ಮಲೇರಿಯಾ ಶಿಬಿರ ತೆರೆದರು, ಕೆಲವೇ ವಾರದಲ್ಲಿ ಅವರು ವಾಪಸು.

ಜಪಾನಿಯರ ಕಡೆ ಇದು ಯಾವುದೂ ಇರಲಿಲ್ಲ. ಹಸಿದ ದೇಹಕ್ಕೆ ಮಲೇರಿಯಾ ಬಂದರೆ, ಅದರ ಮೇಲೆ ಭೇದಿ ಹಿಡಿದರೆ, ಮಳೆಯಲ್ಲಿ ನೆನೆಯುತ್ತಾ ನಡೆಯುವವನು ಎಷ್ಟು ದಿನ ಬದುಕಬಲ್ಲ? ಅವರಲ್ಲಿ ಸತ್ತವರು ಸುಮಾರು 30,000. ಹೆಚ್ಚಿನವರನ್ನು ಕೊಂದಿದ್ದು ಹಸಿವು ಮತ್ತು ಕಾಯಿಲೆ. ಚಿಂದ್ವಿನ್‌ಗೆ ಹಿಂತಿರುಗುವ ದಾರಿಯುದ್ದಕ್ಕೂ ಹೆಣಗಳು. ಅವರೂ ಯಾರದೋ ಮಕ್ಕಳು, ಅವರನ್ನು ಅಲ್ಲಿಗೆ ಅಟ್ಟಿದವರ ಮೇಲೆ ನನಗೆ ಸಿಟ್ಟಿದೆ.

ಮಲ್ನಾಡ್ ಗೆಳತಿ

ಕೆಲಸದ ಮೇಲೆ ದಿಮಾಪುರದಲ್ಲಿ ಇದ್ದಾಗ ಕೊಹಿಮಾಕ್ಕೆ ಹೋಗಿದ್ದೆ. ಆ ಟೆನಿಸ್ ಅಂಗಳದ ಗುರುತುಗಳನ್ನು ಸ್ಮಶಾನದ ಒಳಗೇ ಉಳಿಸಿದ್ದಾರೆ. 1,420 ಸಮಾಧಿಗಳು, ಜೊತೆಗೆ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕ. ವಯಸ್ಸು ಓದುತ್ತಾ ಹೋದರೆ ಇಪ್ಪತ್ತು, ಇಪ್ಪತ್ತೆರಡು.

ಆದರೆ ಈ ಚರ್ಚೆಯಲ್ಲಿ ಇಷ್ಟು ಹೊತ್ತಾದರೂ ನಾಗಾ ಜನರ ಹೆಸರು ಬಂದಿಲ್ಲ, ಅದು ಬೇಸರ. ಯುದ್ಧ ನಡೆದದ್ದು ಅವರ ಊರಲ್ಲಿ, ಅವರ ಗದ್ದೆಗಳಲ್ಲಿ. ಗಾಯಾಳುಗಳನ್ನು ಹೊತ್ತು ಇಳಿಜಾರಿನಲ್ಲಿ ಇಳಿಸಿದವರು, ದಾರಿ ತೋರಿಸಿದವರು, ಜಪಾನಿಯರು ಎಲ್ಲಿದ್ದಾರೆ ಅಂತ ಸುದ್ದಿ ತಂದವರು ಅವರು. ಡೆಪ್ಯುಟಿ ಕಮಿಷನರ್ ಚಾರ್ಲ್ಸ್ ಪಾಸಿ ಮುತ್ತಿಗೆಯುದ್ದಕ್ಕೂ ಕೊಹಿಮಾ ಬಿಟ್ಟು ಹೋಗಲಿಲ್ಲ, ಅವರ ಮೇಲಿನ ನಂಬಿಕೆಯಿಂದಲೂ ಎಷ್ಟೋ ಜನ ನೆರವಾದರು. ಹಸಿದ ಜಪಾನಿ ಸೈನಿಕರು ಊಟ ಹುಡುಕಿದ್ದೂ ಅವರ ಕಣಜಗಳಲ್ಲೇ. ಅಕ್ಕಿ, ಹಂದಿ, ಕೋಳಿ ಎಲ್ಲ ಹೋಯಿತು, ಕೊಹಿಮಾ ಊರು ಬಾಂಬಿಗೆ ನೆಲಸಮ. ಮಣಿಪುರದವರ ಕಥೆಯೂ ಹೀಗೇ. ಇಂಫಾಲದ ಮೇಲೆ ಮೊದಲ ಬಾಂಬು ಬಿದ್ದಿದ್ದು 1942ರ ಮೇ 10ಕ್ಕೆ, ಕಾಳಗಕ್ಕೆ ಎರಡು ವರ್ಷ ಮೊದಲೇ. ಈಗ ಅಲ್ಲಿ ಒಂದು ಶಾಂತಿ ಸಂಗ್ರಹಾಲಯ ಇದೆ, 2019ರಲ್ಲಿ ತೆರೆದದ್ದು. ಹೋಗುವವರು ಅದನ್ನೂ ನೋಡಿ ಬನ್ನಿ.

ಓದೋ ಹುಡುಗ

ಸಾತೋಗೆ ಆಮೇಲೆ ಏನಾಯಿತು? ದಿಮಾಪುರಕ್ಕೆ ಯಾಕೆ ಹೋಗಲಿಲ್ಲ ಅವರು? ಕೊಹಿಮಾವನ್ನು ಬದಿಗಿಟ್ಟು ಸೀದಾ ಹೋಗಿದ್ದರೆ ಗೆಲ್ಲುತ್ತಿದ್ದರಾ?

ಬಯಲುಸೀಮೆ ಓದುಗ

ಸಾತೋ ಅವರಿಗೆ ಕೊಟ್ಟಿದ್ದ ಆದೇಶ ಕೊಹಿಮಾ ಹಿಡಿಯೋದು, ಅಷ್ಟೇ. ಮುತಾಗುಚಿಗೆ ದಿಮಾಪುರದ ಆಸೆ ಇತ್ತು, ಮೇಲಿನವರು ಒಪ್ಪಲಿಲ್ಲ. ಸಾತೋಗೂ ಮುತಾಗುಚಿಗೂ ಮೊದಲಿಂದ ಆಗುತ್ತಿರಲಿಲ್ಲ. ಎರಡು ತಿಂಗಳು ಸರಬರಾಜಿಗೆ ಕಾದರು, ಅಕ್ಕಿ ಬರಲಿಲ್ಲ. ಮೇ ಕೊನೆಯಲ್ಲಿ ಆದೇಶ ಮೀರಿ ತಮ್ಮ ಡಿವಿಷನನ್ನು ಹಿಂದೆ ಕರೆದುಕೊಂಡು ಹೊರಟರು. ಜಪಾನಿ ಸೈನ್ಯದಲ್ಲಿ ಒಬ್ಬ ಡಿವಿಷನ್ ದಂಡನಾಯಕ ಹೀಗೆ ಮಾಡೋದು ಊಹಿಸಲೂ ಆಗದ ಸಂಗತಿ. ಅವರನ್ನು ಹುದ್ದೆಯಿಂದ ಇಳಿಸಿದರು. ಕೋರ್ಟ್ ಮಾರ್ಷಲ್ ಆಗಲಿ, ಅಲ್ಲೇ ಎಲ್ಲ ಹೇಳುತ್ತೇನೆ ಅಂತ ಅವರೂ ಕಾದಿದ್ದರು. ಮನಸ್ಸು ಸರಿಯಿಲ್ಲ ಅಂತ ಷರಾ ಬರೆದು ವಿಚಾರಣೆಯನ್ನೇ ತಪ್ಪಿಸಿದರು. ಮೂರೂ ಡಿವಿಷನ್‌ಗಳ ದಂಡನಾಯಕರನ್ನು ಆ ಕಾಳಗದ ನಡುವೆಯೇ ಬದಲಾಯಿಸಿದರು, ಆಮೇಲೆ ಮುತಾಗುಚಿಯನ್ನೂ ಇಳಿಸಿದರು.

ದಿಮಾಪುರದಲ್ಲಿ ಹನ್ನೊಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಉಗ್ರಾಣ ಇತ್ತು. ಏಪ್ರಿಲ್ ಮೊದಲ ದಿನಗಳಲ್ಲಿ ಅದಕ್ಕೆ ಸರಿಯಾದ ಕಾವಲೇ ಇರಲಿಲ್ಲ. ಸಾತೋ ಒಂದು ಸಣ್ಣ ಪಡೆಯನ್ನು ಕೊಹಿಮಾದಲ್ಲಿ ಬಿಟ್ಟು ಉಳಿದವರೊಂದಿಗೆ ಅಲ್ಲಿಗೆ ಹೋಗಿದ್ದರೆ ಹಸಿವು ತೀರುತ್ತಿತ್ತು, ಅಸ್ಸಾಮಿನ ರೈಲು ದಾರಿ ಕತ್ತರಿಸುತ್ತಿತ್ತು, ಚೀನಾಕ್ಕೆ ಹಿಮಾಲಯದ ಮೇಲೆ ಹಾರುತ್ತಿದ್ದ ವಿಮಾನಗಳ ನೆಲೆಗಳಿಗೂ ಲೆಡೋ ಕಡೆಯಿಂದ ಉತ್ತರ ಬರ್ಮಾಕ್ಕೆ ನುಗ್ಗಿದ್ದ ಅಮೆರಿಕದ ಜನರಲ್ ಸ್ಟಿಲ್‌ವೆಲ್ ಪಡೆಗೂ ಸಾಮಾನು ನಿಲ್ಲುತ್ತಿತ್ತು. ಸ್ಲಿಮ್ ಅವರ ದೊಡ್ಡ ಭಯ ಅದೇ ಆಗಿತ್ತು.

ಆದರೂ ಉಳಿಸಿಕೊಳ್ಳುತ್ತಿದ್ದರು ಅಂತ ನನಗೆ ಅನ್ನಿಸಲ್ಲ. ರೈಲಿನಲ್ಲಿ 2ನೇ ಬ್ರಿಟಿಷ್ ಡಿವಿಷನ್ ಬರುತ್ತಿತ್ತು, ಆಕಾಶ ಪೂರ್ತಿ ಈ ಕಡೆಯವರದು, ಮೇ ತಿಂಗಳಿಂದ ಮಳೆ. ಉ-ಗೋ ನಿಲ್ಲಿಸಿ ಅಂತ ಆದೇಶ ಬಂದಿದ್ದು ಜುಲೈ ಮೊದಲ ವಾರ. ಅದೇ ವಾರ ಪೆಸಿಫಿಕ್ಕಿನಲ್ಲಿ ಸೈಪಾನ್ ದ್ವೀಪ ಕೈಬಿಡುತ್ತಿತ್ತು. ಜುಲೈ 18ಕ್ಕೆ ಜಪಾನಿನ ಪ್ರಧಾನಿ ತೋಜೋ ಅವರ ಸಂಪುಟ ರಾಜೀನಾಮೆ ಕೊಟ್ಟಿತು. ದಿಮಾಪುರದಲ್ಲಿ ಎಷ್ಟು ಅಕ್ಕಿ ಸಿಕ್ಕಿದ್ದರೂ ಸಾತೋ ಅವರ ಹಿಂದಿನಿಂದ ಕಳಿಸಲು ಇನ್ನೊಂದು ಸೈನ್ಯ ಜಪಾನಿನ ಬಳಿ ಇರಲಿಲ್ಲ.